ತಾಮ್ರದ ಊರಿನ ಅಕ್ಕೋರು

ಚಹಾದ ಕಪ್ಪು ಮುಂದೆ ಬಂದೊಡನೆ ಹೊಸಮನಿ ಅಕ್ಕೋರು ಎರಡೂ ಅಂಗೈಗಳನ್ನು ಬೊಗಸೆಯಂತೆ ಬಾಗಿಸಿ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು. ಸದ್ದು ಜೋರಿನದಲ್ಲ. ಆದರೆ ಹೋಟೆಲಿನಲ್ಲಿ ಚಪ್ಪಾಳೆ ಎಂದರೆ ಮಾಣಿಯನ್ನು ಕರೆದರು ಎಂದೇ ಅರ್ಥ. ಪುಣೆಯ ಧನಕವಡಿಯ ನಮ್ಮ ಹೋಟೆಲಿಗೆ ಹೊಸದಾಗಿ ಸೇರಿದ ಪ್ರತಿಯೊಬ್ಬನೂ ಓಡಿಬಂದು ಏನು ಬೇಕೆಂದು ಕೇಳುತ್ತಿದ್ದ. "ಏನೂ ಬ್ಯಾಡಪಾ, ಚಹಾ ತಂದುಕೊಟ್ಟಿಯಲ್ಲ, ಅದಕ್ಕ" ಎನ್ನುತ್ತಿದ್ದರು ಅಕ್ಕೋರು. ಅವನಿಗೆ ಏನೂ ಅರ್ಥವಾಗದೆ ಹಣ ಎಣಿಸುವ ಗಲ್ಲೆಯ ಮೇಲೆ ಕೂತ ನನ್ನ ಅಪ್ಪಯ್ಯನ ಮುಖ ನೋಡುತ್ತಿದ್ದ. ಜಾಂಬಿಯಾದಲ್ಲಿ ಉಪಕಾರ ಸ್ಮರಿಸುವ ರೀತಿ ಅದು ಎಂದು ಅಪ್ಪಯ್ಯ ಆಮೇಲೆ ತಿಳಿಸಿ ಹೇಳಬೇಕಾಗುತ್ತಿತ್ತು.

ಉಪ್ಪಿಟ್ಟನ್ನೂ ಅವರು ಚಮಚದಿಂದ ತಿಂದದ್ದನ್ನು ನಾನು ನೋಡಿಲ್ಲ. ಬಲಗೈಯಲ್ಲಿ ಸ್ವಲ್ಪ ತೆಗೆದುಕೊಂಡು ಒತ್ತಿ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ, ಆ ಗುಳಿಯಲ್ಲಿ ಚಟ್ನಿ ಎತ್ತಿಕೊಂಡು ಬಾಯಿಗಿಡುತ್ತಿದ್ದರು. ಅಲ್ಲಿ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆಯನ್ನು, ಅವರು ನ್ಶಿಮಾ ಎನ್ನುವುದನ್ನು, ತಿನ್ನುವುದು ಹಾಗಂತೆ. ಗದಗದ ಹತ್ತಿರದ ಹಳ್ಳಿಯಲ್ಲಿ ರೊಟ್ಟಿ ತಿಂದು ಬೆಳೆದ ಕೈಗೆ ಆಫ್ರಿಕಾ ಹೊಸ ಅಭ್ಯಾಸ ಕಲಿಸಿತ್ತು. ಪುಣೆಗೆ ಬಂದು ಎಷ್ಟೋ ವರ್ಷವಾದರೂ ಆ ಕೈ ಅದನ್ನು ಬಿಟ್ಟಿರಲಿಲ್ಲ.

ನಮ್ಮದು ಕುಂದಾಪುರ ಕಡೆಯ ಮನೆತನ. ಅಪ್ಪಯ್ಯ ಕಾಲೇಜುಗಳ ನಡುವಿನ ರಸ್ತೆಯಲ್ಲಿ ಹೋಟೆಲು ಹಾಕಿದಾಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಕೆಲಸದವರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಕಡೆಯವರು. ಟೀಚರಿಗೆ ಅಕ್ಕೋರು ಎನ್ನುವುದು ಅವರ ರೂಢಿ. ಅವರಿಂದ ನನಗೂ ಅದೇ ಬಾಯಿಗೆ ಬಂತು. ಅಪ್ಪಯ್ಯ ಮಾತ್ರ ಕಡೆಯವರೆಗೂ "ಟೀಚರೇ" ಎಂದೇ ಕರೆದರು. ಅಕ್ಕೋರು ಹಿಂದಿನ ಗಲ್ಲಿಯ ಕಟ್ಟಡವೊಂದರ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮಧ್ಯಾಹ್ನ ಗಿರಾಕಿ ಕಡಿಮೆಯಾಗುವ ಹೊತ್ತಿಗೆ ಬಂದು ಕಿಟಕಿಯ ಪಕ್ಕದ ಮೇಜು ಹಿಡಿಯುತ್ತಿದ್ದರು. ನಾನು ಗಣಿತದ ಪುಸ್ತಕ ಹಿಡಿದು ಎದುರಿಗೆ ಕೂರುತ್ತಿದ್ದೆ.

ಅವರು ಲೆಕ್ಕ ಹೇಳಿಕೊಡುವುದಕ್ಕಿಂತ ಲೆಕ್ಕದೊಳಗಿನ ವಸ್ತುಗಳ ವಿಚಾರಣೆ ಮಾಡುವುದೇ ಹೆಚ್ಚು. ಒಬ್ಬ ವ್ಯಾಪಾರಿ ಚಹಾಪುಡಿ ಕೊಂಡ, ಮಾರಿದ, ಲಾಭವೆಷ್ಟು ಎಂದು ಪುಸ್ತಕ ಕೇಳಿದರೆ, ಚಹಾದ ಎಲೆ ಕಿತ್ತವರು ಯಾರು, ಅವರಿಗೆ ಸಿಕ್ಕಿದ್ದೇನು ಎಂದು ಅಕ್ಕೋರು ಕೇಳುತ್ತಿದ್ದರು. ಅದು ಪುಸ್ತಕದಲ್ಲಿ ಇಲ್ಲ ಎಂದರೆ, "ಇರಂಗಿಲ್ಲ ತಂಗಿ. ಅದಕ್ಕ ನಾವು ಕೇಳಬೇಕು" ಎನ್ನುತ್ತಿದ್ದರು. ಪರೀಕ್ಷೆಗೆ ಇದರಿಂದ ನನಗೆ ಏನೂ ಉಪಯೋಗವಾಗಲಿಲ್ಲ. ಆದರೆ ಇವತ್ತು ಗಲ್ಲೆಯ ಮೇಲೆ ನಾನು ಕೂತಿದ್ದೇನೆ. ಸಕ್ಕರೆ ಚೀಲ ಇಳಿಯುವಾಗ ಅದನ್ನು ಬೆಳೆದವನ, ಕಡಿದವನ ನೆನಪು ತಾನಾಗಿ ಬರುತ್ತದೆ.

ಅವರು ಮದುವೆಯಾದ ಹೊಸದರಲ್ಲೇ ಗಂಡನ ಜೊತೆ ಜಾಂಬಿಯಾಕ್ಕೆ ಹೋದವರು. ಹೊಸಮನಿ ಮಾಸ್ತರರು ವಿಜ್ಞಾನ ಕಲಿಸುತ್ತಿದ್ದರು, ಇವರು ಗಣಿತ. ಇಂಗ್ಲಿಷರು ಬಿಟ್ಟುಹೋಗಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಊರ ತುಂಬ ತಾಮ್ರದ ಗಣಿಗಳು, ಬಂದರಿಗೆ ಹೋಗುವ ರೈಲು, ದೊರೆಗಳಿದ್ದ ಬಂಗಲೆಗಳು ಎಲ್ಲ ಇದ್ದವು. ಇರದಿದ್ದದ್ದು ಶಾಲೆ ಕಲಿತ ಜನ. ಅಷ್ಟು ವರ್ಷ ಆಳಿದವರು ಕರಿಯರ ಮಕ್ಕಳಿಗೆ ಮೇಲಿನ ತರಗತಿಗಳನ್ನೇ ಸರಿಯಾಗಿ ತೆರೆದಿರಲಿಲ್ಲ. ಹಾಗಾಗಿ ಸ್ವಾತಂತ್ರ್ಯ ಬಂದೊಡನೆ ಎಲ್ಲರಿಗೂ ಶಾಲೆಯ ಹಸಿವು. ಮೀಸೆ ಬಂದ ಗಂಡಸರು ಎಂಟನೆಯ ಇಯತ್ತೆಯ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂರುತ್ತಿದ್ದರಂತೆ. ಸಂಜೆ ಗಣಿಗಾರರ ಹೆಂಡಂದಿರು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಅಂಕಿ ಕಲಿಯಲು ಬರುತ್ತಿದ್ದರಂತೆ. ಆ ದಿನಗಳನ್ನು ಹೇಳುವಾಗ ಅಕ್ಕೋರ ಮುಖ ಹಗುರಾಗುತ್ತಿತ್ತು. ಯಾವ ಬೀದಿಗೆ ಹೋದರೂ ಯಾರಾದರೂ ಲೆಕ್ಕ ಕೇಳಲು ತಡೆಯುತ್ತಿದ್ದರು, ಮಾರ್ಕೆಟ್ಟಿನಿಂದ ಮನೆಗೆ ಬರುವಷ್ಟರಲ್ಲಿ ಟೊಮೆಟೊ ಹಣ್ಣಾಗಿಬಿಡುತ್ತಿದ್ದವು ಎಂದು ನಗುತ್ತಿದ್ದರು.

ಪುಸ್ತಕಗಳು ಇಂಗ್ಲೆಂಡಿನವು. ಸ್ನಾನದ ತೊಟ್ಟಿಯೊಂದಕ್ಕೆ ಎರಡು ನಲ್ಲಿ, ಒಂದು ಬಿಸಿನೀರಿನದು, ಒಂದು ತಣ್ಣೀರಿನದು, ತೊಟ್ಟಿ ತುಂಬಲು ಎಷ್ಟು ಹೊತ್ತು ಎಂಬ ಲೆಕ್ಕ. ಮಕ್ಕಳು ತೊಟ್ಟಿಯನ್ನೇ ಕಂಡಿರಲಿಲ್ಲ. ಅಕ್ಕೋರು ಅದನ್ನು ಬದಲಿಸಿ, ಗಣಿಯೊಳಗೆ ನೀರು ಒಸರುತ್ತದೆ, ಪಂಪು ಹೊರಗೆ ಎತ್ತುತ್ತದೆ ಎಂದು ಹೇಳಿಕೊಟ್ಟರು. ಆಗ ತರಗತಿಯೇ ಎದ್ದು ಕೂತಿತಂತೆ. ಅವರ ಅಪ್ಪಂದಿರು ಆ ನೀರಿನೊಳಗೇ ಇದ್ದರಲ್ಲ. ಪಂಪು ನಿಂತರೆ ಮೇಲೆ ಬರಲು ಎಷ್ಟು ಹೊತ್ತು ಸಿಗುತ್ತದೆ ಎಂದು ಒಬ್ಬ ಹುಡುಗ ಕೇಳಿದ. ಅಕ್ಕೋರು ಆ ಲೆಕ್ಕವನ್ನು ಅವನಿಂದಲೇ ಮಾಡಿಸಿದರು. ಆ ವಾರ ಊರಿನ ಎಲ್ಲ ಮನೆಗಳಲ್ಲೂ ಅದೇ ಲೆಕ್ಕ ನಡೆಯಿತಂತೆ.

ಇನ್ನೊಂದು ಪ್ರಶ್ನೆಯನ್ನು ಮಾತ್ರ ಅವರು ನಗದೆ ಹೇಳುತ್ತಿದ್ದರು. ಮಾಸ್ತರರು ವಿದ್ಯುತ್ತಿನ ಪಾಠ ಮಾಡುವಾಗ, ಜಗತ್ತಿನ ತಂತಿಗಳೆಲ್ಲ ನಿಮ್ಮ ನೆಲದ ತಾಮ್ರದಿಂದಾದವು ಎಂದು ಅಭಿಮಾನದಿಂದ ಹೇಳಿದ್ದರು. ಮ್ವಿಲಾ ಎಂಬ ಹುಡುಗಿ ಎದ್ದುನಿಂತು, ಹಾಗಾದರೆ ನಮ್ಮ ಮನೆಯಲ್ಲಿ ಯಾಕೆ ಚಿಮಣಿ ದೀಪ ಎಂದು ಕೇಳಿದಳು. ಅವಳಪ್ಪ ನೆಲದಡಿ ತಾಮ್ರ ತೆಗೆಯುವವನು. ಅವಳ ಮನೆಗೆ ತಂತಿ ಬಂದಿರಲಿಲ್ಲ. ಮಾಸ್ತರರು ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. "ಅಗದು ಕಳಿಸೋದು ನಾವು, ತಂತಿ ಮಾಡಿ ಮಾರೋರು ಅವರು. ಧ್ವಜ ಬದಲಾತು, ಈ ದಾರಿ ಬದಲಾಗಲಿಲ್ಲ" ಎಂದು ಅಕ್ಕೋರು ನನಗೆ ಹೇಳಿದ್ದರು. ನಾವು ಎಂದರೆ ಅವರಿಗೆ ಆ ಊರಿನವರು. ಅವರು ಕನ್ನಡದಲ್ಲಿ ನಾವು ಎಂದಾಗ ಗದಗವೋ ಜಾಂಬಿಯಾವೋ ಎಂದು ನಾನು ಪ್ರತಿಸಲವೂ ಹೊಂದಿಸಿಕೊಳ್ಳಬೇಕಾಗುತ್ತಿತ್ತು.

ಆಮೇಲೆ ತಾಮ್ರದ ಬೆಲೆ ಬಿತ್ತು. ಇಡೀ ದೇಶ ಒಂದೇ ಸರಕನ್ನು ನಂಬಿ ಕೂತಿತ್ತು. "ಬೆಲಿ ಇಳಿದದ್ದು ಲಂಡನ್‌ದಾಗ. ಸಬಕಾರ ಸಿಗದಂಗ ಆದದ್ದು ನಮ್ಮೂರಾಗ" ಎನ್ನುತ್ತಿದ್ದರು. ಸಾಬೂನು, ಸಕ್ಕರೆ, ಅಡುಗೆ ಎಣ್ಣೆ, ಆಮೇಲೆ ಶಾಲೆಯ ಸೀಮೆಸುಣ್ಣ ಎಲ್ಲ ಒಂದೊಂದಾಗಿ ಮಾಯವಾದವು. ಒಣಗಿಸಿದ ಮರಗೆಣಸಿನ ಬಿಳಿ ಚೂರಿನಿಂದ ಹಲಗೆಯ ಮೇಲೆ ಬರೆದದ್ದೂ ಉಂಟಂತೆ. ಸರ್ಕಾರ ಸಾಲ ತಂದಿತು. ಸಾಲ ಕೊಟ್ಟವರು ಖರ್ಚು ಕಡಿಮೆ ಮಾಡೆಂದರು, ಖರ್ಚು ಎಂದರೆ ಶಾಲೆ ಮತ್ತು ಆಸ್ಪತ್ರೆ. ಹಿಟ್ಟಿನ ಬೆಲೆ ಏರಿದ ದಿನ ಜನ ಬೀದಿಗಿಳಿದು ಭಾರತದವರ ಅಂಗಡಿಗಳ ಗಾಜು ಒಡೆದರು. ಕೆಲವು ಅಂಗಡಿಕಾರರು ಹಿಟ್ಟು ಅಡಗಿಸಿಟ್ಟದ್ದೂ ಸುಳ್ಳಲ್ಲ ಎಂದು ಅಕ್ಕೋರು ಒಪ್ಪುತ್ತಿದ್ದರು. ಅವತ್ತು ಹಳೆಯ ವಿದ್ಯಾರ್ಥಿಗಳು ಬಂದು ಇವರ ಬಾಗಿಲ ಮುಂದೆ ನಿಂತುಕೊಂಡರಂತೆ. ಉಳಿದ ಭಾರತೀಯ ಶಿಕ್ಷಕರು ಒಬ್ಬೊಬ್ಬರೇ ಊರು ಬಿಟ್ಟರು. ಇವರು ಬಿಡಲಿಲ್ಲ.

ಆ ಕಾಲದಲ್ಲೇ ಮಾಸ್ತರರಿಗೆ ಮಲೇರಿಯಾ ಜ್ವರ ತಲೆಗೇರಿತು. ಆಂಬುಲೆನ್ಸಿಗೆ ಪೆಟ್ರೋಲು ಇರಲಿಲ್ಲ. ಗಣಿಯ ಗಂಡಸರು ಹಾಸಿಗೆ ಸಮೇತ ಹೊತ್ತುಕೊಂಡು ಹೋದರು. ಆಸ್ಪತ್ರೆಯಲ್ಲಿದ್ದ ಡಾಕ್ಟರು ಇವರದೇ ಶಾಲೆಯವನು. ಪಂಪು ನಿಂತರೆ ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳಿದ್ದ ಆ ಹುಡುಗ, ಆ ಊರಿನಿಂದ ಡಾಕ್ಟರಾದ ಮೊದಲಿಗ. ಇದನ್ನು ಅಕ್ಕೋರು ನನಗೆ ಒಮ್ಮೆ ಮಾತ್ರ ಹೇಳಿದರು, ಅದೂ ನಾನು ಕಾಲೇಜಿಗೆ ಬಂದ ಮೇಲೆ.

"ಅಂವ ಔಷಧದ ಕಪಾಟು ತಗದು ನಿಂತ. ಖಾಲಿ ಇತ್ತು. ಅಂವಗ ಲೆಕ್ಕಾ, ವಿಜ್ಞಾನ ಎಲ್ಲಾ ನಾವೇ ಕಲಿಸಿದ್ವಿ. ಡಾಕ್ಟರ್ ಆಗಿ ಬಂದಿದ್ದ. ಅವನ ಕೈಯಾಗ ಕೊಡಲಿಕ್ಕೆ ಒಂದು ಗುಳಿಗಿ ಇರಲಿಲ್ಲ ತಂಗಿ."

ಮಾಸ್ತರರು ತೀರಿಕೊಂಡ ಮೇಲಾದರೂ ವಾಪಸು ಬರಬಹುದಿತ್ತಲ್ಲ ಎಂದು ನಾನು ಕೇಳಿದೆ. ಆ ವರ್ಷ ಪ್ರತಿ ಓಣಿಯಲ್ಲೂ ಯಾರೋ ಒಬ್ಬರು ಹೀಗೆಯೇ ಹೋಗಿದ್ದರು, ತಮ್ಮದೇನು ವಿಶೇಷ ಎಂದರು. ಗಣಿಗಳನ್ನು ಮತ್ತೆ ಹೊರಗಿನವರಿಗೆ ಮಾರುವ ಕಾಲಕ್ಕೆ ಅವರ ನೌಕರಿಯೂ ಮುಗಿದು, ಪುಣೆಯಲ್ಲಿದ್ದ ಅಕ್ಕನ ಮನೆಗೆ ಬಂದರು. ಅಕ್ಕ ತೀರಿಕೊಂಡ ಮೇಲೆ ನಮ್ಮ ಹಿಂದಿನ ಗಲ್ಲಿಗೆ ಬಂದರು.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕಪ್ಪು ಬಣ್ಣದ, ಎತ್ತರದ ಹುಡುಗಿಯೊಬ್ಬಳು ನಮ್ಮ ಹೋಟೆಲಿನ ಮೂಲೆಯ ಮೇಜಿಗೆ ಬಂದು ಕೂತಳು. ಬಾಯಿ ತೆರೆದು ನೋಡುವವರು ನೋಡುತ್ತಿದ್ದರು, ಒಬ್ಬ ಫೋನೆತ್ತಿ ಫೋಟೊ ತೆಗೆಯಲು ಹೊರಟಾಗ ಅಪ್ಪಯ್ಯ ಗದರಿದರು. ಅಷ್ಟರಲ್ಲಿ ಅಕ್ಕೋರು ಬಂದರು. ಬಾಗಿಲಲ್ಲೇ ನಿಂತು ನಮಗೆ ತಿಳಿಯದ ಭಾಷೆಯಲ್ಲಿ ಏನೋ ಕೇಳಿದರು. ಹುಡುಗಿಯ ಕೈಯಿಂದ ಚಮಚ ಬಿತ್ತು. ಎದ್ದು ಬಂದವಳೇ ಹಿರಿಯರಿಗೆ ಅವರಲ್ಲಿ ಮಾಡುವಂತೆ ಮೊಣಕಾಲೂರಿ ಕೂತಳು, ಆಮೇಲೆ ಅತ್ತಳು. ಅವಳ ಹೆಸರು ಚಂಡಾ. ಅಕ್ಕೋರಿದ್ದ ಊರಿನ ಪಕ್ಕದ ಗಣಿಯೂರಿನವಳು, ಇಲ್ಲಿ ಫಾರ್ಮಸಿ ಓದಲು ಬಂದಿದ್ದಳು. ಪುಣೆಗೆ ಬಂದ ಮೇಲೆ ತನ್ನ ಭಾಷೆಯನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅವತ್ತೇ ಮೊದಲು.

ಅವಳಿದ್ದ ಫ್ಲ್ಯಾಟಿನ ಮಾಲೀಕ ಅಕ್ಕಪಕ್ಕದವರ ದೂರು ಕೇಳಿ ತಿಂಗಳ ಕೊನೆಗೆ ಖಾಲಿ ಮಾಡಬೇಕೆಂದಿದ್ದ. ಕಾರಣ ಏನೂ ಇರಲಿಲ್ಲ. ಬ್ರೋಕರುಗಳು ಫೋನಿನಲ್ಲಿ ಮನೆ ಇದೆ ಎನ್ನುವರು, ಮುಖ ಕಂಡಮೇಲೆ ಇಲ್ಲ ಎನ್ನುವರು. ಅಕ್ಕೋರು ಯಾರನ್ನೂ ಕೇಳದೆ ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಹದಿನೈದು ದಿನದೊಳಗೆ ಅವರ ಕಟ್ಟಡದ ಸೊಸೈಟಿಯಿಂದ ಕರೆ ಬಂತು. ನಾನೂ ಅಪ್ಪಯ್ಯನೂ ಜೊತೆಗೆ ಹೋದೆವು.

ಅಧ್ಯಕ್ಷರು ನಿವೃತ್ತ ಅಧಿಕಾರಿ, ಮೃದುಭಾಷಿ. ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಹುಡುಗಿ ಒಳ್ಳೆಯವಳೇ ಇರಬಹುದು, ಆದರೆ ಇಂಥವರು ಬಂದರೆ ಕಟ್ಟಡದ ಹೆಸರು ಕೆಡುತ್ತದೆ, ಹೆಣ್ಣುಮಕ್ಕಳಿರುವ ಮನೆಗಳಿವೆ ಎಂದರು. ಅವಳೂ ಹೆಣ್ಣುಮಗಳೇ ಅಲ್ಲವೇ ಎಂದು ಅಪ್ಪಯ್ಯ ಕೇಳಿದರು. ಅಕ್ಕೋರು ಮರಾಠಿಯಲ್ಲೇ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನಾವು ಆ ಊರಿಗೆ ಇಳಿದ ದಿನ ನಮಗೆ ಕೊಡಬೇಕಾದ ಮನೆ ಇನ್ನೂ ಸಿದ್ಧ ಆಗಿರಲಿಲ್ಲ. ಒಬ್ಬ ಗಣಿಗಾರನ ಹೆಂಡತಿ ತನ್ನ ಕೋಣೆ ನಮಗೆ ಬಿಟ್ಟುಕೊಟ್ಟು, ಮಕ್ಕಳ ಜೊತೆ ಅಡುಗೆಮನೆಯಲ್ಲಿ ಮಲಗಿದಳು. ಅವಳಿಗೆ ನಾವು ಯಾರು ಅಂತಲೂ ಗೊತ್ತಿರಲಿಲ್ಲ. ಅವಳು ಸೊಸೈಟಿ ಕೂಡಿಸಲಿಲ್ಲ." ಒಂದಿಬ್ಬರು ತಲೆ ತಗ್ಗಿಸಿದರು. ಒಬ್ಬ ಹೆಂಗಸು ಹುಡುಗಿ ಇರಲಿ ಬಿಡಿ ಎಂದಳು. ಆದರೂ ಮನೆಯ ಮಾಲೀಕ ಮರುವಾರ ಬಂದು ಇಬ್ಬರೂ ಖಾಲಿ ಮಾಡಬೇಕೆಂದ.

ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಹೀಗೆ ಮನೆ ಹುಡುಕುವುದನ್ನು ಅಪ್ಪಯ್ಯನಿಗೆ ನೋಡಲಾಗಲಿಲ್ಲ. "ಮೇಲಿನ ಕೋಣೆ ಉಂಟಲ್ಲ ಟೀಚರೇ. ಸಾಮಾನು ಕೆಳಗೆ ಇಳಿಸುವ. ಯಾರು ಎಂತ ಹೇಳುದು ನೋಡುವ" ಎಂದರು. ಹೋಟೆಲಿನ ಜಾಗವೇ ಬಾಡಿಗೆಯದು, ನಾಳೆ ನಿಮ್ಮನ್ನೂ ಎಬ್ಬಿಸಿದರೆ ಇಷ್ಟು ಜನರ ಅನ್ನದ ಗತಿ ಏನು ಎಂದು ಅಕ್ಕೋರು ಒಪ್ಪಲಿಲ್ಲ. ಕಡೆಗೆ ದಿವೆ ಘಾಟಿನಾಚೆ ಸಾಸವಡ ಎಂಬ ಊರಿನಲ್ಲಿ ಮನೆ ಸಿಕ್ಕಿತು. ಮನೆಯೊಡತಿ ಅಂಜೂರದ ತೋಟವಿದ್ದ ವಿಧವೆ, ಎಲ್ಲರೂ ಅವರನ್ನು ಕಾಕೂ ಎನ್ನುತ್ತಿದ್ದರು. ಅವರು ಚಂಡಾಳನ್ನು ಮೇಲಿಂದ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳಿದರು: ಜೋಳದ ಭಾಕರಿ ತಿನ್ನುತ್ತಾಳಾ? ತಿನ್ನುತ್ತಾಳೆ ಎಂದ ಮೇಲೆ ಬೀಗದ ಕೈ ಕೊಟ್ಟರು.

ಚಂಡಾ ದಿನಾ ಬಸ್ಸಿನಲ್ಲಿ ಘಾಟು ಇಳಿದು ಕಾಲೇಜಿಗೆ ಬಂದುಹೋಗುತ್ತಿದ್ದಳು. ನಾನು ರಜೆಯ ದಿನ ಅಪ್ಪಯ್ಯ ಕಟ್ಟಿಕೊಟ್ಟ ಬನ್ಸ್ ತೆಗೆದುಕೊಂಡು ಸಾಸವಡಕ್ಕೆ ಹೋಗುತ್ತಿದ್ದೆ. ಅಂಗಳದಲ್ಲಿ ಕಾಕೂ ಮರಾಠಿ, ಚಂಡಾ ಇಂಗ್ಲಿಷ್, ಅಕ್ಕೋರು ಮೂರು ನಾಲ್ಕು ಭಾಷೆಗಳನ್ನು ಕಲಸಿ ಮಾತಾಡುತ್ತಿದ್ದರು. ನಡೆದೇ ಯಾತ್ರೆ ಹೋಗುವ ವಾರಕರಿಗಳ ಪಾಲಖಿ ಬಂದು ತಂಗಿದ ದಿನವೊಂದು ನನಗೆ ಚೆನ್ನಾಗಿ ನೆನಪಿದೆ. ವಾರಕರಿಗಳಿಗೆ ನೀರು ಕೊಡುತ್ತ ಚಂಡಾ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ತುಳಸಿಯ ಕುಂಡ ಹೊತ್ತ ಮುದುಕಿಯೊಬ್ಬಳು ನೀರು ಕುಡಿದು, ನಿನ್ನ ಊರು ಯಾವುದು ಮಗಳೇ ಎಂದು ಕೇಳಿದಳು. ಭಾಳ ದೂರ ಎಂದು ಚಂಡಾ ತನಗೆ ಬಂದಷ್ಟು ಮರಾಠಿಯಲ್ಲಿ ಹೇಳಿದಳು. ನಡೆದೇ ಬಂದೆಯಾ ಎಂದು ಮುದುಕಿ ಕೇಳಿದಳು, ಸಹಜವಾಗಿ. ಅಕ್ಕೋರು ಅವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಓದು ಮುಗಿಯುವ ಹೊತ್ತಿಗೆ ಚಂಡಾಳಿಗೆ ಕೊಲ್ಲಿ ದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅದೇ ಹೊತ್ತಿಗೆ ಜಾಂಬಿಯಾದಲ್ಲಿ ಅಕ್ಕೋರಿದ್ದ ಊರಿನ ಸರ್ಕಾರಿ ಆಸ್ಪತ್ರೆಯಿಂದಲೂ ಕರೆ ಬಂತು. ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಊರಿಗೆ ಹೋಗು ಎಂದು ಅಕ್ಕೋರು ಹೇಳುತ್ತಾರೆಂದು ನಾನು ಖಂಡಿತವಾಗಿ ಅಂದುಕೊಂಡಿದ್ದೆ. ಚಂಡಾಳೂ ಅದಕ್ಕೇ ಕಾದಿದ್ದಳು. ಅವರು ಹಾಗೆ ಹೇಳಲಿಲ್ಲ. ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು.

"ದೇಶ ಅಂತ ಹೇಳಿ ಸಣ್ಣ ಹುಡುಗಿ ಹೆಗಲ ಮ್ಯಾಲೆ ಎಲ್ಲಾ ಹೊರಿಸಬಾರದು. ಸಾಲ ಮಾಡಿದವರು ಬ್ಯಾರೆ, ತಾಮ್ರ ಒಯ್ದವರು ಬ್ಯಾರೆ. ತೀರಿಸೋದು ಅಕಿ ಒಬ್ಬಾಕಿ ಯಾಕ? ಎಲ್ಲಿ ಹೋದರೂ ನಾ ಸಿಟ್ಟಾಗಂಗಿಲ್ಲ ಅಂತ ಹೇಳೇನಿ."

"ನೀವು ಮಾತ್ರ ಅಲ್ಲೇ ಉಳಿದ್ರಿ ಅಲ್ವಾ ಅಕ್ಕೋರೇ?" ಎಂದೆ.

"ನನಗ ಯಾರೂ ಉಳಿ ಅಂತ ಹೇಳಿರಲಿಲ್ಲ. ಅದಕ್ಕ ಉಳಕೊಂಡೆ" ಎಂದರು.

ಚಂಡಾ ಊರಿಗೇ ಹೋದಳು. ಯಾಕೆಂದು ನಾನು ಕೇಳಿದಾಗ, ಅಮ್ಮನ ಅಡುಗೆ ನೆನಪಾಯಿತು ಎಂದಷ್ಟೇ ಹೇಳಿದಳು. ಅವಳನ್ನು ವಿಮಾನಕ್ಕೆ ಕಳಿಸಿ ಬಂದ ಮೇಲೆ ಕಾಕೂ ಆ ಕೋಣೆಯನ್ನು ಬೇರೆಯವರಿಗೆ ಕೊಡಲು ಮನಸ್ಸು ಮಾಡಲಿಲ್ಲ.

ನಾನು ಅಕ್ಕೋರನ್ನು ಕೊನೆಯ ಸಲ ನೋಡಿದ್ದು ಕಳೆದ ಬೇಸಿಗೆಯಲ್ಲಿ. ಹೃದಯ ದುರ್ಬಲವಾಗಿತ್ತು, ಅಂಗಳದ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಚಂಡಾಳ ವಿಡಿಯೊ ಕರೆ ಬಂತು. ಅವಳು ಆಸ್ಪತ್ರೆಯ ಔಷಧದ ಕೋಣೆಯಲ್ಲಿದ್ದಳು, ಈ ತಿಂಗಳು ಸರಕು ಬಂದಿದೆ ಎಂದು ಸಂತೋಷದಿಂದ ಕಪಾಟು ತೋರಿಸಿದಳು. ಕೆಳಗಿನ ಸಾಲುಗಳನ್ನೂ ತೋರಿಸೆಂದು ಅಕ್ಕೋರು ಕೇಳಿದರು. ಅವಳು ಸ್ವಲ್ಪ ತಡೆದು ಫೋನು ತಿರುಗಿಸಿದಳು. ಕೆಳಗೆ ಖಾಲಿಯಿತ್ತು. ಅಕ್ಕೋರು ಬಹಳ ಹೊತ್ತು ನೋಡಿದರು. "ಅರ್ಧ ಅದ" ಎಂದು ನನ್ನ ಕಡೆ ತಿರುಗಿ ಹೇಳಿದರು. ಅವರ ದನಿಯಲ್ಲಿ ದುಃಖವಿರಲಿಲ್ಲ. ನಾನು ಹೊರಡುವಾಗ, ಅಪ್ಪಯ್ಯನ ಮಂಡಿನೋವಿಗೆ ಎಳ್ಳೆಣ್ಣೆ ಹಚ್ಚಲು ಮರೆಯದೆ ಹೇಳು ಎಂದರು. ಅದು ನನ್ನ ಜೊತೆ ಅವರು ಆಡಿದ ಕೊನೆಯ ಮಾತು.

ಮುಂದಿನ ವಾರ ಒಂದು ಬೆಳಗ್ಗೆ ಕಾಕೂ ಫೋನು ಮಾಡಿ ಅಕ್ಕೋರು ತೀರಿಕೊಂಡರೆಂದರು. ನಾನೂ ಅಪ್ಪಯ್ಯನೂ ಹೋಟೆಲು ಮುಚ್ಚಿ ಸಾಸವಡಕ್ಕೆ ಹೋದೆವು. ಧನಕವಡಿಯ ಹಳೆಯ ಮಾಣಿಗಳು ಕೆಲವರು ಬಂದರು, ಓಣಿಯ ಹೆಂಗಸರು ಬಂದರು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಚಂಡಾಳಿಗೆ ನಾನೇ ತಿಳಿಸಿದ್ದೆ.

ಮರುದಿನ ಅವಳಿಂದ ಕರೆ ಬಂತು. ಹಿಂದೆ ಬಹಳ ಜನರ ಸದ್ದು ಕೇಳುತ್ತಿತ್ತು. ಅವಳ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಬಂಧುಗಳು ಆ ಮನೆಗೆ ಬಂದು ನೆಲದ ಮೇಲೆ ಕೂರುತ್ತಾರಂತೆ, ಹೆಂಗಸರು ಒಳಗೆ, ಗಂಡಸರು ಹೊರಗೆ. ಸುದ್ದಿ ಮುಟ್ಟಿದ ಹಳೆಯ ವಿದ್ಯಾರ್ಥಿಗಳು, ಈಗ ಮುದುಕರಾದವರು, ಪಂಪಿನ ಪ್ರಶ್ನೆ ಕೇಳಿದ್ದ, ಈಗ ನಿವೃತ್ತರಾದ ಡಾಕ್ಟರರ ಮನೆಯಲ್ಲಿ ಸೇರಿದ್ದರು. ಶವವಿಲ್ಲದ ಮನೆಯಲ್ಲಿ ಹೇಗೆ ಕೂರುವುದು ಎಂದು ಮೊದಲು ಯಾರಿಗೂ ತೋಚಲಿಲ್ಲ, ಆಮೇಲೆ ಒಬ್ಬರು ಕೂತರು, ಉಳಿದವರೂ ಕೂತರು ಎಂದಳು. ನಿನ್ನೆಯಿಂದ ಕೂತೇ ಇದ್ದಾರಂತೆ. ಅವರಿಗೆ ನನ್ನಿಂದ ಒಂದು ವಿಷಯ ತಿಳಿಯಬೇಕಿತ್ತು.

"ಅಲ್ಲಿ ಅವರಿಗೋಸ್ಕರ ಯಾರಾದರೂ ಅತ್ತರಾ ಅಂತ ಕೇಳುತ್ತಿದ್ದಾರೆ" ಎಂದಳು ಚಂಡಾ.

ನಾನು ಅಪ್ಪಯ್ಯನ ಕಡೆ ನೋಡಿದೆ. ಅವರು ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕೂತು, ಬಂದ ಗಿರಾಕಿಗಳನ್ನೂ ಗಮನಿಸದೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಅತ್ತೆವು ಎಂದು ಹೇಳಿದೆ. ಕೊನೆಯ ಗಳಿಗೆಯಲ್ಲಿ ಕಾಕೂ ಅಕ್ಕೋರ ಕೈ ಹಿಡಿದುಕೊಂಡೇ ಇದ್ದರು, ಅವರು ಒಬ್ಬರೇ ಇರಲಿಲ್ಲ ಎಂದೂ ಹೇಳಿದೆ.

ಚಂಡಾ ಅದನ್ನು ತನ್ನ ಭಾಷೆಯಲ್ಲಿ ಅಲ್ಲಿದ್ದವರಿಗೆ ತಿಳಿಸಿದಳು. ಆಮೇಲೆ ಒಬ್ಬ ಮುದುಕಿಯ ಅಳು ಕೇಳಿಸಿತು, ಅದರ ಹಿಂದೆ ಇನ್ನೊಬ್ಬರದು. ನಾನು ಫೋನನ್ನು ಕಿವಿಯಿಂದ ತೆಗೆಯದೆ, ಅವರೆಲ್ಲ ಅತ್ತು ಮುಗಿಸುವವರೆಗೂ ಹಾಗೇ ಹಿಡಿದುಕೊಂಡು ನಿಂತಿದ್ದೆ.